ಕಥೆಯೊಳಗೆ ಬಾರದವಳು

ಮಧ್ಯಾಹ್ನದ ಬಿಡುವಿನಲ್ಲಿ, ತಿದ್ದಬೇಕಾದ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಕಥೆ ಬರೆಯುವವಳು ನಾನು. ಅಷ್ಟು ಹೊತ್ತಿನಲ್ಲಿ ಕೈಗೆ ಸಿಗುವುದು ಬಾಲ್ಯವೊಂದೇ: ಅಜ್ಜಿಮನೆ, ಹಪ್ಪಳ, ಮಳೆ. ಓದಿದವರು ಚೆನ್ನಾಗಿದೆ ಎಂದರು.

ಕುವೆಂಪು ಕೂಡ ನೌಕರಿ ಮಾಡಿಕೊಂಡೇ ಬರೆದವರು. ಮೈಸೂರಿನಲ್ಲಿ ಪಾಠ ಹೇಳುತ್ತಲೇ ತಾವು ಬೆಳೆದ ಮಲೆನಾಡನ್ನು ‘ಕಾನೂರು ಹೆಗ್ಗಡಿತಿ’ಗೆ ತಂದರು. ಉಪಕುಲಪತಿಯಾಗಿ 1960ರಲ್ಲಿ ನಿವೃತ್ತರಾದ ಮೇಲೆ, 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬಂತು. ಬಿಡುವು ಸಿಕ್ಕಿದ್ದರಿಂದಲೇ ಅದು ಅಷ್ಟು ದೊಡ್ಡ ಕೃತಿಯಾಯಿತೆಂದು ನಾನು ತಿಳಿದಿದ್ದೆ. (ನಮಗೋ, ನಿವೃತ್ತಿಯಾದರೂ ಒಲೆ ಬಿಡುವುದಿಲ್ಲ!) ಈ ಬೇಸಿಗೆ ರಜೆಯಲ್ಲಿ ಮತ್ತೆ ಓದಿದಾಗ ಬೇರೆಯದೇ ಕಂಡಿತು. ಹೆಗ್ಗಡೆಗಳಿಗಿರುವಷ್ಟೇ ಜಾಗ ಅಲ್ಲಿ ಜೀತದಾಳು ಗುತ್ತಿಗೂ ಇದೆ, ಅವನ ನಾಯಿ ಹುಲಿಯನಿಗೂ ಇದೆ. ಊರಿನ ಮೇಲಿನ ಪ್ರೀತಿ ಊರಿನ ಕ್ರೌರ್ಯವನ್ನು ಮುಚ್ಚಿಲ್ಲ.

ನನ್ನ ಕಥೆಗಳನ್ನು ತೆಗೆದು ನೋಡಿದೆ. ಅಜ್ಜಿಮನೆಯಲ್ಲಿ ಭತ್ತ ಕುಟ್ಟುತ್ತಿದ್ದ ಹೆಂಗಸು ಒಂದರಲ್ಲೂ ಇಲ್ಲ. ಹಿತ್ತಿಲಲ್ಲಿ ಕೂತು, ಮೇಲಿನಿಂದ ಹಾಕಿದ ಅನ್ನ ಉಣ್ಣುತ್ತಿದ್ದಳು. ಎಷ್ಟೋ ಸಲ ಹಾಗೆ ಹಾಕಿದವಳು ನಾನೇ. ಅವಳ ಹೆಸರು ನೆನಪಿಗೆ ಬರುತ್ತಿಲ್ಲ. ಅಮ್ಮನನ್ನು ಕೇಳಿದೆ.

“ಅವಳ ಹೆಸರು ಈಗ ನಿನಗ್ಯಾಕೆ?” ಅಂದಳು.