ಡರ್ಟಿ ಕೌ: ಒಂದು ತೇಪೆಯ ಗುಣದೋಷ

ಲಿನಕ್ಸ್ ಕರ್ನೆಲ್‌ನ 'ಡರ್ಟಿ ಕೌ' ದೋಷಕ್ಕೆ 2016ರ ಅಕ್ಟೋಬರ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಹಾಕಿದ ತೇಪೆ ಕೆಲವೇ ಸಾಲುಗಳದು. (ಇಲ್ಲಿ ಹಸುವೇನೂ ಇಲ್ಲ, 'ಕಾಪಿ ಆನ್ ರೈಟ್' ಎಂಬುದರ ಮೊದಲಕ್ಷರಗಳಷ್ಟೆ.)

ಓದಲು ಮಾತ್ರ ಅನುಮತಿಯಿರುವ ಕಡತವನ್ನು ಒಂದು ಪ್ರೋಗ್ರಾಮ್ ತನ್ನ ಸ್ಮೃತಿಗೆ ಖಾಸಗಿಯಾಗಿ ಹೊಂದಿಸಿಕೊಂಡು ಬರೆಯಹೊರಟರೆ, ಕರ್ನೆಲ್ ಆ ಪುಟದ ನಕಲು ಮಾಡಿಕೊಡುತ್ತದೆ. ಮೂಲ ಹಾಗೆಯೇ ಉಳಿಯುತ್ತದೆ. ಹಳೆಯ ಕೋಡ್ ನಕಲಾದೊಡನೆ 'ಇದು ಬರೆಯುವ ಕೋರಿಕೆ' ಎಂಬ ಗುರುತನ್ನೇ ಅಳಿಸಿ, ಪುಟವನ್ನು ಮತ್ತೆ ಹುಡುಕುತ್ತಿತ್ತು. ಆ ನಡುವೆ ಅದೇ ಪ್ರೋಗ್ರಾಮಿನ ಇನ್ನೊಂದು ಎಳೆ ನಕಲನ್ನು ಎಸೆದುಬಿಟ್ಟರೆ? ಸಿಗುವುದು ಮೂಲ ಪುಟ. ಬರಹ ಅದರ ಮೇಲೇ ಬೀಳುತ್ತದೆ. ಒಂದು ಯತ್ನದಲ್ಲಿ ಇದರ ಸಂಭವನೀಯತೆ ಅತ್ಯಲ್ಪ. ಆದರೆ ಲಕ್ಷ ಸಲ ಯತ್ನಿಸಲು ಗಣಕಕ್ಕೆ ಬೇಸರವಿಲ್ಲ. ಸಾಮಾನ್ಯ ಬಳಕೆದಾರ ಹೀಗೆ ಇಡೀ ಯಂತ್ರದ ಒಡೆಯನಾಗಬಹುದಿತ್ತು.

ತೇಪೆಯು ಹಳೆಯ ಗುರುತನ್ನು ಉಳಿಸಿ, 'ನಕಲಾಗಿದೆ' ಎಂಬ ಹೊಸ ಗುರುತನ್ನು ಸೇರಿಸಿತು. ಇದು ಮೆಚ್ಚತಕ್ಕದ್ದು. ಹನ್ನೊಂದು ವರ್ಷ ಹಿಂದೆ ತಾವು ಮಾಡಿದ್ದ ದುರಸ್ತಿ ಕೆಟ್ಟದಾಗಿತ್ತೆಂದೂ, ಎಸ್390 ಯಂತ್ರಗಳ ತೊಡಕಿನಿಂದ ಅದನ್ನು ಹಿಂತೆಗೆಯಲಾಯಿತೆಂದೂ ಟೊರ್ವಾಲ್ಡ್ಸ್ ಒಪ್ಪಿಕೊಂಡರು. ಪ್ರಾಮಾಣಿಕತೆ ಸರಿ, ತೊಡಕು ಎಂದೋ ಬಗೆಹರಿದಿದ್ದರೂ ಯಾರೂ ಅತ್ತ ತಿರುಗಿ ನೋಡದಿದ್ದುದು ಸರಿಯಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ. ನಕಲು ಇನ್ನೂ ಇದೆಯೆಂದು ತಿಳಿಯಲು ತೇಪೆ ನೋಡುವುದು ಪುಟದ 'ಡರ್ಟಿ' ಬಿಟ್ಟನ್ನು. ಇದು ಹೊಗೆ ಕಂಡು ಬೆಂಕಿಯನ್ನು ಊಹಿಸಿದಂತೆ. ದೊಡ್ಡ ಪುಟಗಳ ವಿಭಾಗದಲ್ಲಿ ಬರೀ ಓದಿದರೂ ಆ ಬಿಟ್ ಏರಿಬಿಡುತ್ತಿತ್ತು! 2017ರ ನವೆಂಬರ್‌ನಲ್ಲಿ ಅಲ್ಲಿಯೇ ಎರಡನೆಯ ದೋಷ ಬಯಲಾಯಿತು. ಓದುವಾಗ ಬಿಟ್ಟನ್ನು ಏರಿಸಕೂಡದು ಎಂಬುದೇ ಅದಕ್ಕೆ ಹಾಕಿದ ತೇಪೆಯ ಸಾರ.