ಎರಡು ತಾಲ್ಲೂಕುಗಳ ಮತಪೆಟ್ಟಿಗೆ

ಶಿಕಾರಿಪುರ ಯಡಿಯೂರಪ್ಪನವರದು, ಸೊರಬ ಬಂಗಾರಪ್ಪನವರದು. ಶಿವಮೊಗ್ಗ ಜಿಲ್ಲೆಯ ರಾಜಕೀಯವನ್ನು ಈ ಒಂದು ಸಾಲಿನಲ್ಲಿ ಮುಗಿಸುವವರೇ ಹೆಚ್ಚು. ಮತದಾರರಿಗೆ ಇದು ಅನ್ಯಾಯದ ಮಾತು.

ಆ ಮಾತಿಗೆ ಆಧಾರ ಇಲ್ಲವೆಂದಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಅಲೆ ರಾಜ್ಯವನ್ನೇ ಆವರಿಸಿದಾಗ ಬಿಜೆಪಿಗೆ ಉಳಿದದ್ದು ಎರಡೇ ಸ್ಥಾನ, ಅದರಲ್ಲೊಂದು ಶಿಕಾರಿಪುರ. ಪಕ್ಕದ ಸೊರಬ ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಬಂಗಾರಪ್ಪನವರನ್ನು ಗೆಲ್ಲಿಸಿತು. ಎರಡೂ ತಾಲ್ಲೂಕು ಅಲೆಗೆ ಎದುರು ನಿಂತವು. ಬಂಗಾರಪ್ಪ ಎಷ್ಟು ಪಕ್ಷ ಬದಲಿಸಿದರೂ ಸೊರಬ 1967ರಿಂದ 1994ರವರೆಗೆ ಏಳು ಸಲ ಅವರನ್ನು ಆರಿಸಿತು. 2013ರಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕರ್ನಾಟಕ ಜನತಾ ಪಕ್ಷದಿಂದ (ಕೆಜೆಪಿ) ನಿಂತಾಗ ಶಿಕಾರಿಪುರವೂ ಅವರ ಹಿಂದೆಯೇ ಹೋಯಿತು.

ಆದರೆ ಇದೇ ಶಿಕಾರಿಪುರ 1999ರಲ್ಲಿ ಕಾಂಗ್ರೆಸ್ಸಿನ ಬಿ.ಎನ್. ಮಹಾಲಿಂಗಪ್ಪನವರನ್ನು ಗೆಲ್ಲಿಸಿ ಯಡಿಯೂರಪ್ಪನವರನ್ನು ಮನೆಗೆ ಕಳಿಸಿತ್ತು. 2008ರಲ್ಲಿ ಬಂಗಾರಪ್ಪನವರೇ ಇಲ್ಲಿಗೆ ಬಂದು ಸ್ಪರ್ಧಿಸಿದರು. ಕಾಂಗ್ರೆಸ್ ಮತ್ತು ಜೆಡಿಎಸ್ ತಮ್ಮ ಅಭ್ಯರ್ಥಿಗಳನ್ನು ನಿಲ್ಲಿಸದೆ ಬೆಂಬಲಿಸಿದವು. ಆದರೂ ಸೋತರು.

ಸೊರಬದ ದಾಖಲೆ ಇನ್ನೂ ಗಮನಾರ್ಹ. 2008ರಲ್ಲಿ ಬಿಜೆಪಿಯ ಹರತಾಳು ಹಾಲಪ್ಪ, 2013ರಲ್ಲಿ ಮಧು ಬಂಗಾರಪ್ಪ, 2018ರಲ್ಲಿ ಕುಮಾರ್ ಬಂಗಾರಪ್ಪ, 2023ರಲ್ಲಿ ಮತ್ತೆ ಮಧು. ಈ ನಾಲ್ಕು ಚುನಾವಣೆಗಳಲ್ಲಿ ಒಬ್ಬ ಶಾಸಕರನ್ನೂ ಜನ ಸತತ ಎರಡನೇ ಸಲ ಕಳಿಸಿಲ್ಲ. ಕುರುಡು ನಿಷ್ಠೆಯ ಕ್ಷೇತ್ರ ಹೀಗೆ ಮತ ಹಾಕುತ್ತದೆಯೇ? ನನ್ನ ದೂರು ಪಕ್ಷಗಳ ಮೇಲೆ. 2004ರಿಂದ ಐದೂ ಚುನಾವಣೆಗಳಲ್ಲಿ ಬಂಗಾರಪ್ಪನವರ ಮಕ್ಕಳಾದ ಈ ಅಣ್ಣತಮ್ಮಂದಿರಿಬ್ಬರೂ ಕಣದಲ್ಲಿದ್ದರು. 2004ರಲ್ಲಿ ಕುಮಾರ್ ಕಾಂಗ್ರೆಸ್, ಮಧು ಬಿಜೆಪಿ. 2023ರಲ್ಲಿ ಕುಮಾರ್ ಬಿಜೆಪಿ, ಮಧು ಕಾಂಗ್ರೆಸ್. ಚಿಹ್ನೆಗಳು ಅದಲುಬದಲಾದವು, ಮನೆತನ ಅದೇ. ಸಮಾಜವಾದಿ ರಾಜಕಾರಣ ಬೇರುಬಿಟ್ಟಿದ್ದ ಸೀಮೆಯಲ್ಲಿ ಮೂರನೆಯ ಹೆಸರನ್ನು ಬೆಳೆಸಲು ದೊಡ್ಡ ಪಕ್ಷಗಳಿಗೆ ಆಗದೇ ಹೋದದ್ದು ನೋವಿನ ಸಂಗತಿ. ಹಾಲಪ್ಪನವರ ಗೆಲುವು ಅಂಥ ಅವಕಾಶ ಇದ್ದದ್ದನ್ನು ತೋರಿಸಿತ್ತು.

ಶಿಕಾರಿಪುರದಲ್ಲೂ 2023ರಲ್ಲಿ ತಂದೆ ಯಡಿಯೂರಪ್ಪನವರ ಕ್ಷೇತ್ರ ಮಗ ವಿಜಯೇಂದ್ರರಿಗೆ ಬಂತು. ಆದರೆ 2018ರಲ್ಲಿ 35,397 ಇದ್ದ ಗೆಲುವಿನ ಅಂತರ ಮಗನ ಪಾಲಿಗೆ 11,008ಕ್ಕೆ ಇಳಿಯಿತು. ಎರಡನೆಯ ಸ್ಥಾನದಲ್ಲಿದ್ದವರು ಕಾಂಗ್ರೆಸ್ ಟಿಕೆಟ್ ಸಿಗದೆ ಸ್ವತಂತ್ರರಾಗಿ ನಿಂತ ನಾಗರಾಜ ಗೌಡ. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಮೂರನೆಯವರು. ಬದಲಾವಣೆಗೆ ಸಿದ್ಧರಿದ್ದ ಸಾವಿರಾರು ಮಂದಿಯನ್ನು ಕಾಂಗ್ರೆಸ್ಸೇ ಎರಡು ಪಾಲು ಮಾಡಿತು. ಕಾಂಗ್ರೆಸ್ಸಿನ ಆ ಸೋಲನ್ನು ಮತದಾರರ ವ್ಯಕ್ತಿನಿಷ್ಠೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.