ಮೂರು ಕಿತ್ತಳೆ ಮರಗಳೂ ಒಂದು ಸರೋವರವೂ

ಫ್ರೆಂಚ್ ವೈಮಾನಿಕ ಲೇಖಕ ಆಂತ್ವಾನ್ ದ ಸೇಂತ್-ಎಗ್ಸುಪೆರಿ 1939ರಲ್ಲಿ ಪ್ರಕಟಿಸಿದ ಗ್ರಂಥದ ಮೂಲ ಹೆಸರಿಗೆ ‘ಮನುಷ್ಯರ ನೆಲ’ ಎಂದರ್ಥ. ಅದೇ ವರ್ಷದ ಇಂಗ್ಲಿಷ್ ಅನುವಾದದಲ್ಲಿ ಅದು ‘ಗಾಳಿ, ಮರಳು, ನಕ್ಷತ್ರ’ವಾಯಿತು. ನಮ್ಮವರು ಇದನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಓದುವುದರಿಂದ, ಪ್ರಕೃತಿಯ ಉಗ್ರತೆಯನ್ನೂ ಅದನ್ನೆದುರಿಸಿದ ಸಾಹಸವನ್ನೂ ಕೊಂಡಾಡುವ ಕೃತಿಯಿದೆಂದು ಎಣಿಸುವುದು ಸಹಜ. ಆದರೆ ಅದು ಅರ್ಧ ಮಾತು.

ಉಪಾಧ್ಯಾಯರಾದ ನಾವು ಮೊದಲು ನೋಡಬೇಕಾದುದು ಅದರಲ್ಲಿ ಬರುವ ಒಂದು ಭೂಗೋಳದ ಪಾಠವನ್ನು. 1926ರಲ್ಲಿ ಲೇಖಕನು ಅಂಚೆಯ ಪುಟ್ಟ ವಿಮಾನವನ್ನು ಮೊದಲ ಬಾರಿಗೆ ಸ್ಪೇನಿನ ಮೇಲೆ ಒಯ್ಯಬೇಕಾಗಿದೆ. ಹಿಂದಿನ ರಾತ್ರಿ ಗೆಳೆಯ ಆಂರಿ ಗಿಯೊಮೆ ದೀಪದಡಿ ನಕ್ಷೆ ಹರಡಿ ಪಾಠ ಹೇಳುತ್ತಾನೆ. ನದಿ, ಜನಸಂಖ್ಯೆ, ಪಟ್ಟಣ ಯಾವುದೂ ಅದರಲ್ಲಿಲ್ಲ. ಗ್ವಾದಿಕ್ಸ್ ಊರಿನ ಬಳಿಯ ಹೊಲದಂಚಿನ ಮೂರು ಕಿತ್ತಳೆ ಮರಗಳು, ಹುಲ್ಲಿನೊಳಗೆ ಅವಿತು ಹರಿಯುವ ಒಂದು ತೊರೆ, ಗುಡ್ಡದ ಓರೆಯಲ್ಲಿ ಚಕ್ರಕ್ಕೆ ಅಡ್ಡ ಬರಲಿರುವ ಮೂವತ್ತು ಕುರಿ—ಇಷ್ಟೇ. ಮೋಡ ಕವಿದು ವಿಮಾನವನ್ನು ಹೊಲಕ್ಕೆ ಇಳಿಸಬೇಕಾದವನಿಗೆ ಪಟ್ಟಣಕ್ಕಿಂತ ಆ ಮೂರು ಮರ ದೊಡ್ಡವು.

ಮುಂದೆ ಇದೇ ಗಿಯೊಮೆಯ ಆಂಡೀಸ್ ಪ್ರಸಂಗ ಬರುತ್ತದೆ. 1930ರ ಜೂನ್, ಭೂಮಧ್ಯರೇಖೆಯ ದಕ್ಷಿಣಕ್ಕೆ ಅದು ನಡುಚಳಿಗಾಲ. ಸಾಂತಿಯಾಗೋದಿಂದ ಅಂಚೆ ಹೊತ್ತ ಒಂಟಿ ಎಂಜಿನ್ನಿನ ಪೊತೇ 25 ವಿಮಾನ ಹಿಮಮಾರುತದ ನಡುವೆ ಸಂದು ಹುಡುಕುತ್ತ ಹೊರಡುತ್ತದೆ. ಶಿಖರಗಳನ್ನು ದಾಟಿದ ಗಾಳಿ ಆಚೆಯ ಇಳಿಜಾರಿನಲ್ಲಿ ಧುಮುಕುವಾಗ ತನ್ನೊಳಗೆ ಸಿಕ್ಕಿದ ವಿಮಾನವನ್ನೂ ಎಳೆದುಕೊಳ್ಳುತ್ತದೆ; ಎಂಜಿನ್ ಪೂರ್ಣ ಶಕ್ತಿಯಿಂದ ದುಡಿದರೂ ಅದು ಕೆಳಗಿಳಿಯುತ್ತದೆ. ಮೋಡದ ಕೆಳಗೆ ಕಪ್ಪಗೆ ಮಟ್ಟಸವಾಗಿ ಕಂಡುದನ್ನು ಗಿಯೊಮೆ ಡಿಯಾಮಾಂತೆ ಸರೋವರವೆಂದು ಗುರುತಿಸುತ್ತಾನೆ. ಇಂಧನ ತೀರುವವರೆಗೂ ಅದನ್ನೇ ಸುತ್ತಿ, ಹಿಮದಲ್ಲಿ ಇಳಿದು, ವಿಮಾನ ಮಗುಚಿದರೂ ಬದುಕಿಕೊಳ್ಳುತ್ತಾನೆ. ಬಳಿಕ ದಿನಗಟ್ಟಲೆ ನಡೆದು ಜನರನ್ನು ಸೇರುತ್ತಾನೆ.

ವಾಚಕರು ಆ ನಡಿಗೆಯನ್ನೇ ಹೊಗಳುತ್ತಾರೆ. ಸರೋವರದ ಗುರುತು ಸಿಕ್ಕದಿದ್ದರೆ ನಡಿಗೆಯೇ ಇರುತ್ತಿರಲಿಲ್ಲವಲ್ಲ! ಸ್ಪೇನಿನ ಮೂರು ಮರಗಳನ್ನು ಬಲ್ಲವನೇ ಈ ನೀರನ್ನೂ ಬಲ್ಲವನಾದನು. ಈ ಎರಡು ಪುಟಗಳನ್ನು ಜೊತೆಗಿಟ್ಟು ಓದಿದಾಗ ಗ್ರಂಥದ ಒಳಗಟ್ಟು ಕಾಣುತ್ತದೆ. ಲೇಖಕ ಮಾತ್ರ ಈ ಸಂಬಂಧವನ್ನು ಎತ್ತಿ ತೋರಿಸುವುದಿಲ್ಲ.

ಆತನ ದೋಷ ಬೇರೆಡೆ ಇದೆ. ಗೆಳೆಯನನ್ನು ಅಗ್ಗದ ವೀರನನ್ನಾಗಿಸಿದ ಮತ್ತೊಂದು ಬರಹವನ್ನು ತಿದ್ದುವೆನೆಂದು ಆರಂಭಿಸಿ, ‘ನೀನು’ ಎಂದೇ ಅವನನ್ನು ಸಂಬೋಧಿಸುತ್ತಾನೆ. ಈ ಏಕವಚನದ ಸಲಿಗೆ ಕನ್ನಡ ಕಿವಿಗೆ ಬಲು ಹಿತ. ಆದರೆ ಅಧ್ಯಾಯದ ಕೊನೆಗೆ ಹೊಣೆಗಾರಿಕೆ, ಮನುಷ್ಯತ್ವಗಳ ಉಪದೇಶ ಬಂದು ಗಿಯೊಮೆ ನೀತಿಪಾಠದ ಉದಾಹರಣೆಯಾಗಿಬಿಡುತ್ತಾನೆ. ಒಬ್ಬ ವೀರನ ಪ್ರತಿಮೆಯನ್ನು ಒಡೆದು ಇನ್ನೊಂದನ್ನು ನಿಲ್ಲಿಸಿದಂತಾಯಿತು.

ಅದಕ್ಕೂ ಮುಂಚೆ ಬರುವ ಪುಟವೊಂದು ಸಾಕಾಗಿತ್ತು. ಹಿಮದಲ್ಲಿ ಬೋರಲು ಬಿದ್ದವನಿಗೆ ಹೆಂಡತಿಯ ನೆನಪಾಗುತ್ತದೆ. ಹೆಣ ಸಿಕ್ಕದಿದ್ದರೆ ವಿಮೆಯ ಹಣ ಅವಳ ಕೈಗೆ ಬರಲು ನಾಲ್ಕು ವರ್ಷ. ಎದುರಿಗೊಂದು ಬಂಡೆ, ಅದಕ್ಕೆ ಒರಗಿ ಸತ್ತರೆ ಬೇಸಿಗೆಯಲ್ಲಿ ಹೆಣ ಕಂಡೀತು. ಅಷ್ಟಕ್ಕಾಗಿಯೇ ಎದ್ದವನು ನಡೆಯುತ್ತಲೇ ಹೋಗುತ್ತಾನೆ.